ಹುಡುಗರ ಕೈಗೆ ಕೆಲಸ ಕೊಡಿ

ಈ ಬೇಸಿಗೆ ರಜೆ ಪೂರ್ತಿ ಚರ್ಚಿನ ಕೆಲಸದಲ್ಲೇ ಕಳೆಯಿತು. ಮೊದಲ ಮೂರು ವಾರ ನಮ್ಮ ಸಭೆಯಲ್ಲೇ, ಅಂದರೆ ನಮ್ಮ ಚರ್ಚಿನಲ್ಲೇ, ಸೇವೆ. ಆಮೇಲೆ ಆರು ದಿನದ ಯುವ ಶಿಬಿರದಲ್ಲಿ ಸ್ವಯಂಸೇವಕಿ. ಕೊನೆಗೆ ಒಂದು ವಾರ ಫ್ರಾನ್ಸಿನ ತೇಜೆ ಅನ್ನೋ ಪುಟ್ಟ ಹಳ್ಳಿ. ಬಂದು ಹದಿನೈದು ದಿನ ಆಯ್ತು. ಫೋಟೋ ಹಾಕಿದ್ದೂ ಆಯ್ತು, ನೀವೆಲ್ಲ ನೋಡಿದ್ದೂ ಆಯ್ತು. ಫೋಟೋದಲ್ಲಿ ಬಾರದ ಒಂದು ವಿಷಯ ಮಾತ್ರ ತಲೆಯಲ್ಲೇ ಸುತ್ತುತ್ತಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಸಭೆಗಳಲ್ಲಿ ಹಿರಿಯರು ಸೇರಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ. "ಹುಡುಗರು ಚರ್ಚಿಗೆ ಬರ್ತಾ ಇಲ್ಲ." ಫೋನ್ ಕಾರಣ ಅಂತಾರೆ, ಓದು ಕಾರಣ ಅಂತಾರೆ, ಕಾಲ ಕೆಟ್ಟಿದೆ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಬರದಿದ್ದರೆ ಅಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ತಾನಿಲ್ಲದೆ ಎಲ್ಲವೂ ನಡೆಯುವ ಜಾಗಕ್ಕೆ ಯಾರು ತಾನೇ ವಾರ ವಾರ ಬರುತ್ತಾರೆ?

ನನ್ನದೇ ಕಥೆ ಹೇಳುತ್ತೇನೆ. ಆಗ ನನಗೆ ಹದಿನಾರು. ಆಗ ನಾವು ಹೋಗುತ್ತಿದ್ದ ಚರ್ಚಿನಲ್ಲಿ ಮೈಕ್ ಸೆಟ್ ನೋಡಿಕೊಳ್ಳುವುದನ್ನು ಕಲಿಯಬೇಕು ಅಂತ ನನಗೆ ಬಹಳ ಆಸೆ ಇತ್ತು. ಒಂದು ಭಾನುವಾರ ಧೈರ್ಯ ಮಾಡಿ ಕೇಳಿದೆ. "ಅದೆಲ್ಲ ದೊಡ್ಡವರು ನೋಡ್ಕೋತಾರೆ, ನೀನು ಹೋಗಿ ಮುಂದೆ ಕೂತ್ಕೋಮ್ಮ" ಅಂದರು. ಬೈದಿದ್ದೇನಲ್ಲ, ಪ್ರೀತಿಯಿಂದಲೇ ಹೇಳಿದ್ದು. ಹೋಗಿ ಕೂತೆ. ಆರು ತಿಂಗಳು ಕಳೆಯುವಷ್ಟರಲ್ಲಿ ಹೋಗುವುದನ್ನೇ ಬಿಟ್ಟೆ. ಮತ್ತೆ ಬರಲು ಎರಡು ವರ್ಷ ಹಿಡಿಯಿತು.

ಅದಕ್ಕೇ ಈ ಸಲ ಸೇವೆಗೆ ಹೆಸರು ಕೊಟ್ಟಾಗ ಪಾಸ್ಟರ್ ಹತ್ತಿರ ಒಂದೇ ಒಂದು ಮಾತು ಕೇಳಿಕೊಂಡೆ. ನಾನು ಎಲ್ಲಿಗೆ ಹೋದರೂ ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ, ಅವರಿಗೂ ಕೆಲಸ ಇರಬೇಕು ಅಂತ. ಅವರು ಒಪ್ಪಿದರು. ಹೆತ್ತವರೂ ಒಪ್ಪಿದರು.

ಸಭೆಯಲ್ಲಿ ಮಾಡಿದ್ದು ಸಣ್ಣಪುಟ್ಟ ಕೆಲಸಗಳೇ. ಹರಿದ ಹಾಡಿನ ಪುಸ್ತಕಗಳಿಗೆ ರಟ್ಟು ಹಾಕಿದೆವು, ಉಗ್ರಾಣ ಗುಡಿಸಿದೆವು. ನೆನಪಲ್ಲಿ ನಿಂತಿದ್ದು ಮನೆ ಭೇಟಿ. ಚರ್ಚಿಗೆ ಬರಲಾಗದ ಒಬ್ಬ ಅಜ್ಜಿ ಇದ್ದಾರೆ. ಕಣ್ಣು ಪೂರ್ತಿ ಮಂಜು. ಹದಿನೈದರ ಒಬ್ಬ ಹುಡುಗಿಗೆ ಬೈಬಲಿನ 121ನೇ ಕೀರ್ತನೆ ಓದಲು ಹೇಳಿದೆ. ಅವಳು ಬೇಗ ಬೇಗ ಓದುವಾಗ ಒಂದು ಪದ ತಪ್ಪಿತು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಆ ಪದವನ್ನು ಸರಿಯಾಗಿ ಹೇಳಿಕೊಟ್ಟರು. ಹುಡುಗಿ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. "ಅಜ್ಜಿಗೆ ಪೂರ್ತಿ ಬಾಯಿಪಾಠ ಬರುತ್ತಾ?" ಅಂತ ಪಿಸುಗುಟ್ಟಿದಳು. ಹೊರಡುವಾಗ ಅಜ್ಜಿ ಅವಳ ಕೈ ಹಿಡಿದು, "ಮುಂದಿನ ವಾರ 91 ಓದ್ತೀಯಾ ಮಗಳೇ?" ಅಂತ ಕೇಳಿದರು. ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದರು. ಆ ವಾರ ಅವಳು ಆ ಕೀರ್ತನೆಯನ್ನು ಎಷ್ಟು ಸಲ ಓದಿ ಅಭ್ಯಾಸ ಮಾಡಿದಳೋ! ಅವರಮ್ಮನೇ ಫೋನ್ ಮಾಡಿ ಹೇಳಿದರು.

ಆಮೇಲೆ ಶಿಬಿರ. ಅರವತ್ತನಾಲ್ಕು ಮಕ್ಕಳು, ಹನ್ನೊಂದು ಜನ ಸ್ವಯಂಸೇವಕರು. ದೂರದಿಂದ ನೋಡಿದವರಿಗೆ ಶಿಬಿರ ಅಂದರೆ ಹಾಡು, ಆಟ, ರಾತ್ರಿ ಬೆಂಕಿ ಹಾಕಿ ಸುತ್ತ ಕೂರೋದು. ಒಳಗಿದ್ದವರಿಗೆ ಅದು ಪಟ್ಟಿಗಳ ಲೋಕ. ಯಾರಿಗೆ ಯಾವ ಔಷಧಿ, ಯಾರಿಗೆ ಏನು ತಿಂದರೆ ಮೈ ಕೆರೆಯುತ್ತೆ, ಯಾರ ಮನೆಗೆ ಯಾವ ನಂಬರಿಗೆ ಫೋನ್ ಮಾಡಬೇಕು. ಒಬ್ಬ ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಬಾರದು, ಯಾವಾಗಲೂ ಇಬ್ಬರಿರಬೇಕು. ಈ ನಿಯಮ ಇಲ್ಲದ ಶಿಬಿರಕ್ಕೆ, ಅದು ಯಾರೇ ನಡೆಸಲಿ, ಮಕ್ಕಳನ್ನು ಕಳಿಸಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನನ್ನ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಹದಿಮೂರು ವರ್ಷ. ಮೊದಲ ಎರಡು ದಿನ ಒಂದು ಮಾತೂ ಆಡಲಿಲ್ಲ. ಆಟಕ್ಕೆ ಕರೆದರೆ ತಲೆ ಅಲ್ಲಾಡಿಸುತ್ತಿದ್ದ. ಚರ್ಚೆಗೆ ಕೂತರೆ ಶೂ ಲೇಸನ್ನೇ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದ. ನಾನು ಪಕ್ಕದಲ್ಲಿ ಕೂತು "ಏನಾದ್ರೂ ಬೇಜಾರಾ?" ಅಂತ ಕೇಳಿದೆ. "ಏನಿಲ್ಲ." ಅಷ್ಟೇ.

ಮೂರನೇ ದಿನ ರಾತ್ರಿ ಊಟ ಆದಮೇಲೆ ಪಾತ್ರೆ ತೊಳೆಯುವವರು ಕಡಿಮೆ ಬಿದ್ದರು. ಸಾರು ಮಾಡಿದ ದೊಡ್ಡ ಪಾತ್ರೆ ಹಾಗೇ ಉಳಿದಿತ್ತು. ತಳ ಹಿಡಿದು ಕಪ್ಪಾಗಿತ್ತು. ಇವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. "ಇದನ್ನ ಹಿಡ್ಕೊಳ್ಳೋಕೆ ಒಂದು ಕೈ ಬೇಕಿತ್ತು" ಅಂದೆ. ಬಂದ. ನಾನು ಬಗ್ಗಿ ಉಜ್ಜುತ್ತಿದ್ದರೆ ಅವನು ಪಾತ್ರೆ ವಾಲಿಸಿ ಹಿಡಿದಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಅಕ್ಕಾ, ಹಾಗಲ್ಲ. ಮೊದಲು ಬಿಸಿನೀರು ಹಾಕಿ ನೆನೆಸಬೇಕು" ಅಂದ. ಅದು ಅವನ ಮೊದಲ ಪೂರ್ತಿ ವಾಕ್ಯ. ನೀರು ತಂದ, ಹುಯ್ದ, ತಾನೇ ತೋಳು ಮಡಚಿದ. ಎಲ್ಲಿ ಕಲಿತೆ ಅಂತ ಕೇಳಿದೆ. ಅಮ್ಮ ಹುಷಾರಿಲ್ಲದೆ ಮಲಗಿ ಒಂದು ವರ್ಷ ಆಯ್ತು, ಮನೆಯಲ್ಲಿ ಪಾತ್ರೆ ತನ್ನದೇ ಕೆಲಸ ಅಂದ. ಮುಖ ಪಾತ್ರೆಯ ಒಳಗೆ ಇತ್ತು, ಮಾತು ಗುಂಯ್ ಅಂತ ಕೇಳುತ್ತಿತ್ತು. ಅಮ್ಮನಿಗೋಸ್ಕರ ಪ್ರಾರ್ಥನೆ ಮಾಡಿ ಮಾಡಿ ಸಾಕಾಗಿದೆ, ದೇವರಿಗೆ ಕೇಳಿಸುತ್ತೋ ಇಲ್ಲವೋ ಗೊತ್ತಿಲ್ಲ ಅಂದ. ನಾನು ಉಪದೇಶ ಮಾಡಲಿಲ್ಲ. ಆ ಹೊತ್ತಿಗೆ ನನ್ನ ಬಾಯಿಂದ ಏನು ಬಂದಿದ್ದರೂ ಅದು ಸಣ್ಣದಾಗುತ್ತಿತ್ತು. ಇಬ್ಬರೂ ಸೇರಿ ಆ ಕಪ್ಪು ಹೋಗುವವರೆಗೆ ಉಜ್ಜಿದೆವು.

ಎದುರಾಬದುರು ಕೂತು ಕೇಳಿದರೆ ಈ ವಯಸ್ಸಿನವರು ಹೇಳುವುದಿಲ್ಲ. ಪಕ್ಕಪಕ್ಕದಲ್ಲಿ ನಿಂತು, ಕೈಯಲ್ಲಿ ಏನೋ ಇದ್ದು, ಕಣ್ಣು ಬೇರೆ ಕಡೆ ಇದ್ದರೆ ಹೇಳುತ್ತಾರೆ. ನಮ್ಮ ಕಾರ್ಯಕ್ರಮದ ಪಟ್ಟಿಯಲ್ಲಿ ದಿನಕ್ಕೆ ಎರಡು ಗಂಟೆ "ಗುಂಪು ಚರ್ಚೆ" ಇತ್ತು. ಪಾತ್ರೆ ತೊಳೆಯುವುದು ಪಟ್ಟಿಯಲ್ಲೇ ಇರಲಿಲ್ಲ.

ಐದನೇ ರಾತ್ರಿ ನಾನು ಇವತ್ತಿಗೂ ಮರೆಯದ ಒಂದು ಘಟನೆ ನಡೆಯಿತು. ಮಲಗುವ ಮುಂಚೆ ತಲೆ ಎಣಿಸಿದರೆ ಅರವತ್ತಮೂರು. ಮತ್ತೆ ಎಣಿಸಿದೆವು, ಅರವತ್ತಮೂರೇ. ಸಂಜೆಯ ಎಣಿಕೆ ನನ್ನ ಜವಾಬ್ದಾರಿ. ಗಡಿಬಿಡಿಯಲ್ಲಿ ಅದನ್ನು ಮಾಡದೆ ಬಿಟ್ಟಿದ್ದೆ. ತಪ್ಪು ನನ್ನದೇ. ಕಾಲು ನಡುಗಲು ಶುರುವಾಯಿತು. ದೊಡ್ಡವರೆಲ್ಲ ಟಾರ್ಚ್ ಹಿಡಿದು ಗೇಟಿನ ಕಡೆ ಓಡಿದರು. ಅಜ್ಜಿಗೆ ಕೀರ್ತನೆ ಓದಿದ ಅದೇ ಹುಡುಗಿಗೆ ಈ ಶಿಬಿರದಲ್ಲಿ ಹಾಜರಿ ಪುಸ್ತಕದ ಕೆಲಸ ಕೊಟ್ಟಿದ್ದೆವು. ಅವಳು ಪುಸ್ತಕ ತಿರುವಿ, ಇಲ್ಲದಿರುವವನು ಯಾರು ಅಂತ ಹೆಸರು ಹೇಳಿದಳು. ಅದೇ ಪಾತ್ರೆ ಹುಡುಗ. "ಅಕ್ಕಾ, ಅವನು ಗೇಟ್ ಕಡೆ ಹೋಗಲ್ಲ. ದಿನಾ ಊಟ ಆದಮೇಲೆ ಅಡುಗೆಮನೆ ಹಿಂದೆ ಇರ್ತಾನೆ" ಅಂದಳು. ಹೋಗಿ ನೋಡಿದರೆ ತೊಳೆದು ಬೋರಲು ಹಾಕಿದ ಪಾತ್ರೆಗಳ ಪಕ್ಕ ಚೀಲದ ಮೇಲೆ ಗಾಢ ನಿದ್ದೆ. ಇಪ್ಪತ್ತು ನಿಮಿಷ ಅಷ್ಟೇ. ನನಗೆ ಇಪ್ಪತ್ತು ವರ್ಷ ಆದಹಾಗಾಯಿತು.

ನಾವು ಹನ್ನೊಂದು ಜನ ದೊಡ್ಡವರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ದಿನಾ ಅರವತ್ತನಾಲ್ಕು ಹೆಸರು ಕೂಗಿ, ಅರವತ್ತನಾಲ್ಕು ಮುಖ ನೋಡಿ ಅವಳಿಗೆ ಗೊತ್ತಾಗಿತ್ತು.

ಹುಡುಗರ ಕೈಗೆ ಕೆಲಸ ಕೊಡುವುದು ಹೊಸ ಮಾತೇನಲ್ಲ. ನಾವೇ ಮರೆತಿದ್ದೇವೆ, ಅಷ್ಟೇ. 1844ರ ಜೂನ್‌ನಲ್ಲಿ ಲಂಡನ್ನಿನಲ್ಲಿ ವೈಎಂಸಿಎ ಅನ್ನೋ ಕ್ರೈಸ್ತ ಯುವಕರ ಸಂಘ ಶುರು ಮಾಡಿದ ಜಾರ್ಜ್ ವಿಲಿಯಮ್ಸ್‌ಗೆ ಆಗ 22 ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಜೊತೆಗೆ ಸೇರಿದವರೂ ಹೆಚ್ಚು ಕಡಿಮೆ ಅಂಥವರೇ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾಸ್ಟರ್ ಕ್ರಿಶ್ಚಿಯನ್ ಎಂಡೆವರ್ ಅನ್ನೋ ಯುವಕರ ಸಂಘ ಕಟ್ಟಿದರು. ಬಂದವರು ಸುಮ್ನೆ ಕೂತು ಕೇಳುವ ಹಾಗಿರಲಿಲ್ಲ. ಪ್ರಾರ್ಥನಾ ಕೂಟದಲ್ಲಿ ಪ್ರತಿ ಸಕ್ರಿಯ ಸದಸ್ಯರೂ ಏನಾದರೂ ಭಾಗ ವಹಿಸಲೇಬೇಕು ಅಂತ ಮಾತು ಕೊಡಬೇಕಿತ್ತು. ಸಮಿತಿಗಳೂ ಯುವಕರವೇ. ದೂರ ಸರಿಯುತ್ತಿರುವ ಸದಸ್ಯರನ್ನು ಗಮನಿಸಿ ವಿಚಾರಿಸುವ ಒಂದು ಸಮಿತಿಯೂ ಇತ್ತು! ಅದನ್ನು ಓದಿದಾಗ ನನಗೆ ನಮ್ಮ ಹಾಜರಿ ಪುಸ್ತಕದ ಹುಡುಗಿಯೇ ಕಣ್ಣಮುಂದೆ ಬಂದಳು.

ಇನ್ನು ತೇಜೆ. ಬರ್ಗಂಡಿಯಲ್ಲಿ, ಕ್ಲೂನಿ ಪಟ್ಟಣದ ಹತ್ತಿರ, ಗುಡ್ಡದ ಮೇಲಿನ ಹಳ್ಳಿ. 1940ರಲ್ಲಿ ಸ್ವಿಟ್ಜರ್ಲೆಂಡಿನಿಂದ ರೋಜೆ ಎಂಬ ಯುವಕ ಒಬ್ಬನೇ ಇಲ್ಲಿಗೆ ಬಂದ. ವಯಸ್ಸು 25. ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗೆ, ಅವರಲ್ಲಿ ಯೆಹೂದ್ಯರೂ ಇದ್ದರು, ಮನೆಯಲ್ಲಿ ಜಾಗ ಕೊಟ್ಟ. ಮುಂದೆ ಅದೇ ಸಹೋದರರ, ಅಂದರೆ ಕ್ರೈಸ್ತ ಸನ್ಯಾಸಿಗಳ, ಒಂದು ಸಮುದಾಯವಾಯಿತು. ಪ್ರೊಟೆಸ್ಟೆಂಟರು, ಕ್ಯಾಥೊಲಿಕರು ಇಬ್ಬರೂ ಅಲ್ಲಿ ಒಟ್ಟಿಗೇ ಬಾಳುತ್ತಾರೆ. ಈಗ ವರ್ಷವಿಡೀ ಬೇರೆ ಬೇರೆ ದೇಶದ ಯುವಜನರು ಒಂದೊಂದು ವಾರಕ್ಕೆ ಅಂತ ಬರುತ್ತಾರೆ.

ದಿನಕ್ಕೆ ಮೂರು ಸಲ ಗಂಟೆ ಬಾರಿಸುತ್ತದೆ. ಎಲ್ಲ ಬಿಟ್ಟು ಪ್ರಾರ್ಥನೆಗೆ ಹೋಗಬೇಕು. ಹೆಚ್ಚಿನವರು ನೆಲದ ಮೇಲೇ ಕೂರುತ್ತಾರೆ, ಬಿಳಿ ನಿಲುವಂಗಿಯ ಸಹೋದರರು ನಡುವೆ. ಒಂದೇ ಸಾಲಿನ ಹಾಡನ್ನು ಮತ್ತೆ ಮತ್ತೆ ಹಾಡುತ್ತಾರೆ. ನಡುವೆ ಉದ್ದನೆಯ ಮೌನ. ಅದರ ಸೊಗಸನ್ನು ಬರೆಯಲು ಹೋದರೆ ಇನ್ನೊಂದು ಪೋಸ್ಟ್ ಆಗುತ್ತೆ, ಬಿಡಿ. ನಾನು ಹೇಳಬೇಕಾದ್ದು ಇಷ್ಟು. ಅಲ್ಲಿ ಬಂದವರೆಲ್ಲರಿಗೂ ಕೆಲಸ ಇರುತ್ತದೆ. ಊಟ ಬಡಿಸೋದು, ಪಾತ್ರೆ, ಕಸ, ಶೌಚಾಲಯ, ಎಲ್ಲವೂ ಬಂದವರದ್ದೇ. ನನ್ನ ಪಾಲಿಗೆ ಬಂದಿದ್ದು, ನಂಬ್ತೀರೋ ಇಲ್ಲವೋ, ಪಾತ್ರೆ. ನನ್ನ ಪಕ್ಕ ನಿಂತವಳು ಪೋಲೆಂಡಿನ ಹುಡುಗಿ. ಇಬ್ಬರದೂ ಅರೆಬರೆ ಇಂಗ್ಲಿಷ್. ಎರಡನೇ ದಿನಕ್ಕೇ ಅವಳು ತೀರಿಕೊಂಡ ತಮ್ಮನ ವಿಷಯ ಹೇಳಿದಳು. ನಾನು ನಮ್ಮ ಶಿಬಿರದ ಹುಡುಗನ ವಿಷಯ ಹೇಳಿದೆ. ಕೈ ಸೋಪಿನ ನೊರೆಯಲ್ಲೇ ಇತ್ತು, ಕಣ್ಣೀರು ಒರೆಸಿಕೊಳ್ಳಲಿಕ್ಕೂ ಆಗಲಿಲ್ಲ.

ಅಲ್ಲಿನ ದೊಡ್ಡ ಚರ್ಚಿಗೆ ಸಂಧಾನದ ಚರ್ಚ್ ಅನ್ನುವ ಅರ್ಥದ ಹೆಸರಿದೆ. 1962ರಲ್ಲಿ ಅದನ್ನು ಕಟ್ಟಲು ಬೆವರು ಸುರಿಸಿದವರು ಜರ್ಮನಿಯ ಯುವ ಸ್ವಯಂಸೇವಕರು. ಯುದ್ಧದಲ್ಲಿ ತಮ್ಮ ದೇಶ ಮಾಡಿದ ಕೆಡುಕಿಗೆ ಪ್ರಾಯಶ್ಚಿತ್ತ ಅಂತ ಬೇರೆ ದೇಶಗಳಿಗೆ ಹೋಗಿ ದುಡಿಯುತ್ತಿದ್ದವರು ಅವರು. ಕೆಲವು ವರ್ಷಕ್ಕೆ ಜಾಗ ಸಾಲದಾಯಿತು. 1971ರ ಈಸ್ಟರಿಗೆ ಬರುವ ಯುವಜನರಿಗಾಗಿ ಮುಂದಿನ ಗೋಡೆಯನ್ನೇ ಒಡೆದು, ದೊಡ್ಡ ಗುಡಾರ ಸೇರಿಸಿದರು. ಕಟ್ಟಿ ಹತ್ತು ವರ್ಷವೂ ಆಗಿರದ ಗೋಡೆ! ಹುಡುಗರು ಬರ್ತಾ ಇಲ್ಲ ಅಂತ ಕೊರಗುವಾಗ ನಾವು ಯಾವ ಗೋಡೆ ಒಡೆಯಲು ತಯಾರಿದ್ದೇವೆ?

ಇದಕ್ಕೆ ಬರುವ ಆಕ್ಷೇಪಣೆಯೂ ನನಗೆ ಗೊತ್ತು. ಹುಡುಗರನ್ನು ಬಿಟ್ಟಿ ಕೆಲಸಕ್ಕೆ ಬಳಸಿಕೊಂಡ ಹಾಗಾಗುತ್ತದೆ ಅಂತ. ಆ ಭಯ ನ್ಯಾಯವಾದದ್ದೇ. ಕುರ್ಚಿ ಹೊರಲು ಮಾತ್ರ ನೆನಪಾಗುವ ಯುವಕರ ಸಂಘ ನಾನೂ ನೋಡಿದ್ದೇನೆ. ಅವರಿಗೆ ಕುರ್ಚಿಯೂ ಕೊಡಿ, ಕುರ್ಚಿ ಎಲ್ಲಿ ಹಾಕಬೇಕು ಅನ್ನುವ ತೀರ್ಮಾನವನ್ನೂ ಕೊಡಿ. ದೊಡ್ಡವರು ಅದೇ ಕುರ್ಚಿಯ ಇನ್ನೊಂದು ತುದಿ ಹಿಡಿಯಲಿ. ತಪ್ಪು ಮಾಡಲೂ ಬಿಡಿ. ಮೈಕ್ ಒಂದು ಭಾನುವಾರ ಕುಂಯ್ ಅಂದರೆ ಆರಾಧನೆ ಕೆಡುವುದಿಲ್ಲ. ಅಂದಹಾಗೆ, ಯೇಸು ಐದು ಸಾವಿರ ಜನಕ್ಕೆ ಊಟ ಕೊಟ್ಟ ದಿನ ರೊಟ್ಟಿ, ಮೀನು ಇದ್ದದ್ದು ಒಬ್ಬ ಹುಡುಗನ ಹತ್ತಿರ ಅಂತ ಬೈಬಲಿನ ಯೋಹಾನನ ಸುವಾರ್ತೆ ಮಾತ್ರ ಹೇಳುತ್ತದೆ. ಉಳಿದ ಮೂರು ಸುವಾರ್ತೆಗಳಲ್ಲಿ ಆ ಹುಡುಗನ ಸುದ್ದಿಯೇ ಇಲ್ಲ. ಹುಡುಗರು ಲೆಕ್ಕದಿಂದ ಬಿಟ್ಟುಹೋಗುವುದು ಅಷ್ಟು ಸುಲಭ.

ಶಿಬಿರದ ಕೊನೆಯ ರಾತ್ರಿ ಎಲ್ಲರೂ ಅತ್ತೆವು, ತಬ್ಬಿಕೊಂಡೆವು. ಆ ಕಣ್ಣೀರು ಸುಳ್ಳಲ್ಲ. ಆದರೆ ಅದಾಗಿ ನಾಲ್ಕನೇ ವಾರ ಆ ಮಗುವಿಗೆ ಯಾರು ಫೋನ್ ಮಾಡುತ್ತಾರೆ ಅನ್ನೋದೇ ನನಗೆ ಜಾಸ್ತಿ ಮುಖ್ಯ. ನಮ್ಮಲ್ಲಿ ಈಗ ಆ ಕೆಲಸವನ್ನು ನಾಲ್ಕು ಜನ ಹುಡುಗ ಹುಡುಗಿಯರು ಹಂಚಿಕೊಂಡಿದ್ದಾರೆ, ಇಬ್ಬರು ದೊಡ್ಡವರು ಜೊತೆಗಿದ್ದಾರೆ. ಹೆತ್ತವರಿಗೆ ಹೇಳಿ, ಅವರ ಫೋನಿಗೇ ಮಾಡುತ್ತಾರೆ.

ಬರುವ ಶನಿವಾರ ಸಭೆಯ ಸಮಿತಿ ಸೇರುತ್ತದೆ. ಇಬ್ಬರು ಯುವಜನರಿಗೆ ಅಲ್ಲಿ ಜಾಗ ಬೇಕು, ಮಾತಾಡುವ ಹಕ್ಕಿನ ಜೊತೆಗೆ, ಅಂತ ಕೇಳಲಿದ್ದೇನೆ. ನಮ್ಮ ಸಭೆಯ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲ ಅನ್ನಬೇಡಿ. ಪಾತ್ರೆ ಹುಡುಗನ ಅಮ್ಮ ಇನ್ನೂ ಮಲಗಿದ್ದಾರೆ. ಹೋದ ಭಾನುವಾರ ಅವನು ಆರಾಧನೆಗೆ ಅರ್ಧ ಗಂಟೆ ಮುಂಚೆಯೇ ಬಂದಿದ್ದ. ಮೈಕಿನ ವೈರ್ ಸುತ್ತುವುದನ್ನು ಯಾರೋ ಅವನಿಗೆ ಕಲಿಸುತ್ತಿದ್ದರು.