ದಾನಿಗಳು ಕುರ್ಚಿ ಕೊಡುವುದಿಲ್ಲ

ದೊಡ್ಡ ಸೇವಾ ಆಸ್ಪತ್ರೆಯಲ್ಲಿ ಕೆಲಸ ಅಂದಕೂಡಲೇ ಜನ ನನ್ನನ್ನು ನೋಡುವ ನೋಟವೇ ಬೇರೆಯಾಗುತ್ತದೆ. ಅರ್ಧ ಗೌರವ, ಅರ್ಧ ಮರುಕ. "ಲಾಭ ಮಾಡೋ ಹಾಗಿಲ್ಲ ಅಂತೀರಿ, ಹಾಗಾದ್ರೆ ನಿಮಗೆ ಸಂಬಳ...?" ಎಂದು ರಾಗ ಎಳೆಯುತ್ತಾರೆ. ಸಂಬಳ ಕೊಡುತ್ತಾರೆ ಸ್ವಾಮಿ. ಸಂಸ್ಥೆಗೆ ಆದಾಯವೂ ಇರುತ್ತದೆ, ವರ್ಷದ ಕೊನೆಗೆ ಒಂದಿಷ್ಟು ಮಿಗಲೂಬಹುದು. ಮಿಕ್ಕಿದ್ದನ್ನು ಯಾರೂ ಹಂಚಿಕೊಂಡು ಮನೆಗೆ ಒಯ್ಯುವಂತಿಲ್ಲ, ತಿರುಗಿ ಆಸ್ಪತ್ರೆಗೇ ಹಾಕಬೇಕು, ಅಷ್ಟೆ. ಇಷ್ಟು ವಿವರಿಸುವಷ್ಟರಲ್ಲಿ ಎದುರಿನವರು ಮೊಬೈಲಿನಲ್ಲಿ ಬ್ಲಡ್ ರಿಪೋರ್ಟ್ ತೆಗೆದು ಹಿಡಿದಿರುತ್ತಾರೆ. "ಹೇಗೂ ಆಸ್ಪತ್ರೆಯಲ್ಲೇ ಇದೀರಲ್ಲ, ಈ ಕ್ರಿಯಾಟಿನಿನ್ ಸ್ವಲ್ಪ ನೋಡಿ." ನಾನು ಅಕೌಂಟ್ಸ್ ವಿಭಾಗದವನು. ಅಂಕಿ ಕಂಡರೆ ಕೂಡುತ್ತೇನೆ, ತಾಳೆಯಾಗದಿದ್ದರೆ ಬೇಸರವಾಗುತ್ತದೆ. ನನ್ನ ವೈದ್ಯಕೀಯ ಜ್ಞಾನ ಅಲ್ಲಿಗೆ ಮುಗಿಯಿತು.

ಮಿಕ್ಕಿದ್ದೆಲ್ಲ ಆಸ್ಪತ್ರೆಗೇ ಎಂದೆನಲ್ಲ, ಅದರಲ್ಲಿ ಒಂದು ಬಿಡಿಗಾಸೂ ನನ್ನ ಕುರ್ಚಿಯವರೆಗೆ ಬಂದಿಲ್ಲ. ಅದರ ಸೀಟನ್ನು ಎತ್ತಿ ಹಿಡಿಯುವ ಗ್ಯಾಸ್ ಸಿಲಿಂಡರ್ ಯಾವ ಕಾಲಕ್ಕೋ ಪ್ರಾಣ ಬಿಟ್ಟಿದೆ. ಕೂತಾಗ ಎತ್ತರ ಸರಿಯಾಗಿಯೇ ಇರುತ್ತದೆ. ಆಮೇಲೆ ಸದ್ದಿಲ್ಲದೆ, ಯಾರ ಗಮನಕ್ಕೂ ಬಾರದಂತೆ ಇಳಿಯತೊಡಗುತ್ತದೆ. ಆನ್‌ಲೈನ್ ಮೀಟಿಂಗಿನಲ್ಲಿ ಬಜೆಟ್ ಕೊರತೆಯ ಬಗ್ಗೆ ನಾನು ಮಾತಾಡುತ್ತಾ ಹೋದಂತೆ ಪರದೆಯಿಂದ ಮೊದಲು ಕಾಲರು, ಆಮೇಲೆ ಗಲ್ಲ, ಆಮೇಲೆ ಮೂಗು ಮರೆಯಾಗಿ, "ಕೊನೆಯದಾಗಿ" ಎನ್ನುವ ಹೊತ್ತಿಗೆ ಹಣೆಯೊಂದು ಉಳಿದಿರುತ್ತದೆ. ಪರಿಸ್ಥಿತಿ ಎಷ್ಟು ಗಂಭೀರ ಎಂದು ತೋರಿಸಲು ನಾನು ಬೇಕಂತಲೇ ಹಾಗೆ ಮಾಡುತ್ತೇನೆಂದು ನಿರ್ದೇಶಕರು ಒಮ್ಮೆ ಮೆಚ್ಚಿಕೊಂಡದ್ದೂ ಉಂಟು.

ಮೆಂಟೆನೆನ್ಸ್‌ನವರು ಬಂದು ಬಗ್ಗಿ ನೋಡಿದರು. "ಒಳಗೆ ಗ್ಯಾಸ್ ಇದೆ ಸಾರ್, ಇದು ಬಯೋಮೆಡಿಕಲ್‌ನವರ ಕೆಲಸ." ವೈದ್ಯಕೀಯ ಯಂತ್ರಗಳನ್ನು ನೋಡಿಕೊಳ್ಳುವ ಬಯೋಮೆಡಿಕಲ್ ಎಂಜಿನಿಯರ್ ಬಗ್ಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. "ಪೇಷಂಟ್ ಕೂರೋ ಕುರ್ಚಿ ಆದ್ರೆ ಮಾತ್ರ ನಮ್ಮದು. ನೀವು ಪೇಷಂಟಾ?" "ಸದ್ಯಕ್ಕಿಲ್ಲ" ಎಂದೆ. "ಆದಾಗ ಹೇಳಿ."

ಸರಿ, ಹೊಸದಕ್ಕೆ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿದೆ. ಅದು ವಿಭಾಗದ ಮುಖ್ಯಸ್ಥರ ಸಹಿ ಪಡೆದು, ಸ್ಟೋರ್ಸ್‌ನಲ್ಲಿ "ದಾಸ್ತಾನಿಲ್ಲ" ಎಂಬ ಮೊಹರು ಒತ್ತಿಸಿಕೊಂಡು, ಕೊಟೇಶನ್‌ಗಳನ್ನು ಬೆನ್ನಿಗೆ ಕಟ್ಟಿಕೊಂಡು ಪರ್ಚೇಸ್ ಕಮಿಟಿ ಸೇರಿತು. ಅಲ್ಲಿ ಎಲ್ಲ ಇಂಡೆಂಟಿಗೂ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಿದರು: "ಇದರಿಂದ ರೋಗಿಗಳ ಆರೈಕೆಗೆ ಏನು ಅನುಕೂಲ?" ಲಾಭದ ಕಂಪನಿಯಲ್ಲಾದರೆ ಮ್ಯಾನೇಜರ್ ಹತ್ತಿರ ಜಗಳ ಆಡಬಹುದು. ಇಲ್ಲಿ ಆಡುವುದು ಯಾರ ಜೊತೆ? ಕೆಳಗಿನ ಮಹಡಿಯಲ್ಲಿ ಕ್ಯಾನ್ಸರ್ ವಾರ್ಡ್ ಇರುವಾಗ ನನ್ನ ಸೊಂಟನೋವು ಬಾಯಿ ತೆರೆಯುವುದಾದರೂ ಹೇಗೆ? ಇಂಥ ಸಂಸ್ಥೆಗಳಲ್ಲಿ ನೌಕರರನ್ನು ಅಂಕೆಯಲ್ಲಿಡುವುದು ಮೇಲಧಿಕಾರಿಗಳಲ್ಲ, ಈ ಸಂಕೋಚ.

ದಾನಿಗಳಾದರೂ ಕೊಡಬಹುದಲ್ಲ ಅನ್ನಿಸಬಹುದು. ದಾನಿಗಳು ಯಂತ್ರ ಕೊಡುತ್ತಾರೆ. ಯಂತ್ರಕ್ಕೆ ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಡಯಾಲಿಸಿಸ್ ಯಂತ್ರ ಬಂದ ದಿನ ಎಲ್ಲರ ಮುಖದಲ್ಲೂ ಕಳೆ. ಆದರೆ ಒಬ್ಬ ರೋಗಿಗೆ ಒಂದು ಸಲ ಡಯಾಲಿಸಿಸ್ ಮಾಡಲು 100 ಲೀಟರಿಗೂ ಹೆಚ್ಚು ಶುದ್ಧೀಕರಿಸಿದ ನೀರು ಬೇಕು. ನೀರಿನ ಘಟಕ ಬೇಕು, ರಕ್ತ ಸೋಸುವ ಡಯಲೈಸರ್ ಬೇಕು, ಟ್ಯೂಬು ಬೇಕು, ಯಂತ್ರದ ಪಕ್ಕ ಗಂಟೆಗಟ್ಟಲೆ ಇರಲು ಟೆಕ್ನಿಷಿಯನ್ ಬೇಕು. ಟೆಕ್ನಿಷಿಯನ್ನನ ಬೆನ್ನಿಗೆ ಫಲಕ ಹಾಕಲು ಬರುವುದಿಲ್ಲವಾದ್ದರಿಂದ ಅವನ ಸಂಬಳಕ್ಕೆ ಹಣ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ. ಮೇಲಾಗಿ ಇಂಥದ್ದಕ್ಕೇ ಎಂದು ಹೇಳಿ ಕೊಟ್ಟ ದೇಣಿಗೆಯನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಹಾಗಾಗಿ ಖಾತೆಯಲ್ಲಿ ಕೊಬ್ಬಿದ ಮೊತ್ತ ಕಾಣುತ್ತಲೇ ಇರುತ್ತದೆ, ನಾನು ಅದನ್ನು ನೋಡುತ್ತಾ ಇಳಿಯುತ್ತಲೇ ಇರುತ್ತೇನೆ.

ಈ ನಡುವೆ ಮಾನ್ಯತೆ ನವೀಕರಣದ ತಪಾಸಣೆ ಬಂತು. ತಪಾಸಣೆ ಎಂದರೆ ಸತ್ತ ಗಡಿಯಾರಗಳೆಲ್ಲ ಒಮ್ಮೆಗೇ ಎದ್ದು ಓಡುವ ಕಾಲ. ಕಾರಿಡಾರಿನಲ್ಲಿ ನಡೆಯುವವರೆಲ್ಲ ತುಟಿ ಅಲ್ಲಾಡಿಸುತ್ತಿರುತ್ತಾರೆ, ಪ್ರಾರ್ಥನೆಯಲ್ಲ, ಬಾಯಿಪಾಠ. ರೋಗಿ ಸುರಕ್ಷತೆಯ ಅಂತಾರಾಷ್ಟ್ರೀಯ ಗುರಿಗಳು ಆರು. ಮೊದಲನೆಯದು ರೋಗಿಯನ್ನು ಸರಿಯಾಗಿ ಗುರುತಿಸುವುದು: ಎರಡು ಗುರುತು ಕೇಳಬೇಕು, ರೂಮ್ ನಂಬರ್ ಲೆಕ್ಕಕ್ಕಿಲ್ಲ. ಹೆಸರು, ಹುಟ್ಟಿದ ದಿನಾಂಕ ಹೇಳಿ ಹೇಳಿ ರೋಗಿಗಳಿಗೆ ರೇಗುತ್ತದೆ, "ಬೆಳಗ್ಗೆ ಹುಟ್ಟಿದ ದಿನವೇ ಸಂಜೆಗೂ ಇರುತ್ತಮ್ಮಾ" ಎಂದು ಒಬ್ಬ ಅಜ್ಜ ನರ್ಸಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ನಗು ಬಂತು, ನಿಜ. ಒಂದೇ ಹೆಸರಿನ ಇಬ್ಬರು ಒಂದೇ ವಾರ್ಡಿನಲ್ಲಿ ಮಲಗಿದ್ದಾಗ ಕಾಯುವುದು ಮಾತ್ರ ಆ ಪ್ರಶ್ನೆಯೇ.

ತಪಾಸಕಿ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ನಮ್ಮ ಮುಖ್ಯಸ್ಥರನ್ನು ಕೇಳಿದರು. ಅವರು "ಸಮಿತಿ ರಚಿಸುತ್ತೇವೆ" ಎಂದರು. ಅಲ್ಲೇ ನೆಲ ಒರೆಸುತ್ತಿದ್ದ ಆಯಾ ಕೋಲು ನಿಲ್ಲಿಸಿ, ಮೊದಲು ಅಪಾಯದಲ್ಲಿರುವವರನ್ನು ಈಚೆ ತರುವುದು, ಅಲಾರಂ ಒತ್ತುವುದು, ಬಾಗಿಲು ಮುಚ್ಚಿ ಬೆಂಕಿ ಹರಡದಂತೆ ತಡೆಯುವುದು, ಆಮೇಲೆ ಆದರೆ ಆರಿಸುವುದು ಎಂದು ಗಡಗಡ ಒಪ್ಪಿಸಿ ಮತ್ತೆ ಒರೆಸತೊಡಗಿದರು. ತಪಾಸಕಿ ಖುಷಿಯಿಂದ ಬರೆದುಕೊಳ್ಳಲು ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ನನ್ನದು.

ತಡೆಯುವಷ್ಟು ಸಮಯ ಇರಲಿಲ್ಲ. ಬರೆಯುತ್ತಲೇ ಇಳಿದರು. ಗಲ್ಲ ಮೇಜಿನ ಮಟ್ಟಕ್ಕೆ ಬಂದಾಗ ತಲೆ ಎತ್ತಿ ಸುತ್ತ ನೋಡಿ, ಏನೂ ಆಗದವರಂತೆ ಇನ್ನೊಂದು ಸಾಲು ಬರೆದುಕೊಂಡರು.

ವರದಿಯಲ್ಲಿ ಕುರ್ಚಿ ಬಂತು! ಅದೇ ವಾರ ಮೂಲಕಾರಣ ಹುಡುಕಲು ಸಭೆ. ಐದು ಸಲ "ಯಾಕೆ" ಎಂದು ಕೇಳುತ್ತಾ ಹೋಗುವ ಪದ್ಧತಿಯಿದೆ. ಕುರ್ಚಿ ಯಾಕೆ ಇಳಿಯಿತು? ಸಿಲಿಂಡರ್ ಹಾಳು. ಯಾಕೆ? ಹಳೆಯದು. ಯಾಕೆ ಬದಲಾಯಿಸಲಿಲ್ಲ? ಮಂಜೂರಾಗಲಿಲ್ಲ. ನಾಲ್ಕನೇ "ಯಾಕೆ" ನೇರವಾಗಿ ಪರ್ಚೇಸ್ ಕಮಿಟಿಯ ಬಾಗಿಲಿಗೆ ಹೋಗುತ್ತಿತ್ತು, ಆದ್ದರಿಂದ ಮೂರಕ್ಕೇ ನಿಲ್ಲಿಸಿ, ಸಿಬ್ಬಂದಿಗೆ ತಿಳಿವಳಿಕೆ ಸಾಲದು ಎಂದು ತೀರ್ಮಾನಿಸಿದರು.

ಈಗ "ಸುರಕ್ಷಿತವಾಗಿ ಕೂರುವುದು ಹೇಗೆ" ಎಂಬ ಆನ್‌ಲೈನ್ ತರಬೇತಿ ಎಲ್ಲರಿಗೂ ಕಡ್ಡಾಯ. ಕೊನೆಯಲ್ಲಿ ಪ್ರಶ್ನೋತ್ತರ ಇರುತ್ತದೆ, ಪಾಸಾದರೆ ಸರ್ಟಿಫಿಕೇಟ್. ನನ್ನದನ್ನು ಮುಖ್ಯಸ್ಥರೇ ಪ್ರಿಂಟ್ ತೆಗೆಸಿ ಕೊಟ್ಟರು. ಎದ್ದು ನಿಂತು ತೆಗೆದುಕೊಂಡೆ; ಕೂತಿದ್ದರೆ ಕೈ ಎಟುಕುತ್ತಿರಲಿಲ್ಲ.