ಹಾಳೆ ಹರಿದ ಬೇತಾಳ

ನಮ್ಮ ಮನೆಯಲ್ಲಿದ್ದ ಕಥೆ ಪುಸ್ತಕಗಳಲ್ಲಿ ಪೂರ್ತಿ ಇದ್ದದ್ದು ಒಂದೂ ಇರಲಿಲ್ಲ. ಒಂದಕ್ಕೆ ತಲೆ ಇಲ್ಲ, ಇನ್ನೊಂದಕ್ಕೆ ಬಾಲ ಇಲ್ಲ. ನಮ್ಮ ರಾಮಾಯಣ ಶುರುವಾಗುತ್ತಿದ್ದುದೇ ರಾಮ ಕಾಡು ಸೇರಿದ ಮೇಲೆ. ಅದಕ್ಕೂ ಮುಂಚೆ ಏನಾಯಿತು ಅಂತ ಅಜ್ಜಿಯನ್ನು ಕೇಳಬೇಕಿತ್ತು. ಅಜ್ಜಿ ಹೇಳಿ ಮುಗಿಸುವ ಹೊತ್ತಿಗೆ ಮಂಥರೆಗೆ ನಮ್ಮೂರಿನವರದೇ ಯಾರದೋ ನಡಿಗೆ, ಯಾರದೋ ನಾಲಿಗೆ ಬಂದಿರುತ್ತಿತ್ತು. ತೆನಾಲಿ ರಾಮನ ಪುಸ್ತಕದಲ್ಲಿ ಅವನು ರಾಜನ ಮುಂದೆ ಕೈಕಟ್ಟಿ ನಿಂತಿದ್ದ. ಕೊನೆಗೂ ಅವನಿಗೆ ಶಿಕ್ಷೆ ಆಯಿತೋ ಬಹುಮಾನ ಸಿಕ್ಕಿತೋ ಗೊತ್ತಿಲ್ಲ. ಬಹುಮಾನವೇ ಇರಬೇಕು ಬಿಡಿ.

ಹಾಗಾಗಿ ಯಾರಾದರೂ ‘ಚಿಕ್ಕವರಿದ್ದಾಗ ನಿಮಗೆ ಇಷ್ಟವಾದ ಪುಸ್ತಕ ಯಾವುದು’ ಅಂತ ಕೇಳಿದರೆ ನನಗೆ ಹೆಸರು ಹೇಳೋಕಾಗಲ್ಲ. ಹೆಸರಿದ್ದ ಹಾಳೆ ನಾನು ಅಕ್ಷರ ಕಲಿಯುವ ಮೊದಲೇ ಹೋಗಿತ್ತು. ಬರೆದವರು ಯಾರು, ಅಚ್ಚು ಹಾಕಿದವರು ಯಾರು, ಬೆಲೆ ಎಷ್ಟು, ಒಂದೂ ತಿಳಿಯದು. ಒಳಗೆ ಬೇತಾಳದ ಕಥೆಗಳಿದ್ದವು. ನಾವೆಲ್ಲ ಅದನ್ನು ‘ಬೇತಾಳ’ ಅಂತಲೇ ಕರೆಯುತ್ತಿದ್ದೆವು. ‘ಬೇತಾಳ ಎಲ್ಲಿ?’ ‘ಅಟ್ಟದ ಮೇಲಿದೆ.’ ಹೊಸಬರು ಯಾರಾದರೂ ಮನೆಗೆ ಬಂದಾಗ ಈ ಮಾತು ಕೇಳಿದರೆ ಸ್ವಲ್ಪ ಗಾಬರಿಯಾಗುತ್ತಿದ್ದರು.

ಅದನ್ನು ಅಪ್ಪ ತಂದದ್ದು ಶಿರಸಿಯ ಮಾರಿಕಾಂಬಾ ಜಾತ್ರೆಯಿಂದ. ಆ ಜಾತ್ರೆ ಆಗುವುದು ಎರಡು ವರ್ಷಕ್ಕೊಮ್ಮೆ. ದೇವಿ ಬಿಡ್ಕಿ ಬಯಲಿನ ಗದ್ದುಗೆಗೆ ಬಂದು ಕೂತಳೆಂದರೆ ಸುತ್ತಲೂ ಬಳೆ, ಬತ್ತಾಸು, ತೊಟ್ಟಿಲು, ನಾಟಕದ ಟೆಂಟು. ಅದರ ನಡುವೆ ನೆಲದ ಮೇಲೆ ತಾಡಪಾಲು ಹಾಸಿ ಪುಸ್ತಕ ಹರವಿಕೊಂಡವನೊಬ್ಬ ಕೂತಿರುತ್ತಿದ್ದ. ಪಂಚಾಂಗ, ಶನಿಮಹಾತ್ಮೆ, ಯಕ್ಷಗಾನದ ಪ್ರಸಂಗ ಪುಸ್ತಕ, ಅಡುಗೆ, ಕನಸಿನ ಫಲ, ಹಲ್ಲಿ ಶಕುನ. ಕಥೆ ಪುಸ್ತಕಗಳು ಒಂದು ಮೂಲೆಗೆ. ಹಾಳೆ ಹಪ್ಪಳದ ಹಾಗೆ. ಒಂದು ಪುಟದಲ್ಲಿ ಮಸಿ ಜಾಸ್ತಿಯಾಗಿ ‘ರಾಜ’ನ ಹೊಟ್ಟೆ ಮುಚ್ಚಿಹೋದರೆ, ಇನ್ನೊಂದರಲ್ಲಿ ಮಸಿಯೇ ಇಲ್ಲದೆ ರಾಣಿ ಅರ್ಧ ಮಾಯ. ಎರಡು ವರ್ಷಕ್ಕೆ ಮನೆಗೊಂದು ಪುಸ್ತಕ, ಅಷ್ಟೇ ನಮ್ಮ ಬಜೆಟ್ಟು. ಓದುವವರು ಜಾಸ್ತಿ, ಪುಸ್ತಕ ಕಡಿಮೆ. ಹಾಳೆ ಹರಿಯದೆ ಇನ್ನೇನಾಗುತ್ತೆ?

ಚಂದಮಾಮ ನಮ್ಮ ಮನೆಗೆ ಬರುತ್ತಿರಲಿಲ್ಲ. ಪಕ್ಕದ ಮನೆಗೆ ಬರುತ್ತಿತ್ತು. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ಪತ್ರಿಕೆ ಅದು. ಆಮೇಲೆ ಕನ್ನಡಕ್ಕೂ ಬಂತು. ನಡೆಸಿದವರು ನಾಗಿರೆಡ್ಡಿ ಮತ್ತು ಚಕ್ರಪಾಣಿ. ‘ವಡಪಳನಿ, ಮದ್ರಾಸು’ ಅನ್ನುವ ವಿಳಾಸ ನಮಗೆ ನಮ್ಮ ಪಿನ್ ಕೋಡ್‌ಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಅದರಲ್ಲೊಂದು ಸ್ಪರ್ಧೆ ಇರುತ್ತಿತ್ತು. ಎರಡು ಫೋಟೋ ಕೊಟ್ಟಿರುತ್ತಾರೆ, ಎರಡಕ್ಕೂ ಜೋಡಿಯಾಗುವ ಒಂದೊಂದು ಸಾಲು ಬರೆದು ಕಳಿಸಬೇಕು. ಹದಿನೈದು ಪೈಸೆಯ ಎಷ್ಟು ಕಾರ್ಡು ದಂಡ ಮಾಡಿದೆನೋ ಲೆಕ್ಕವಿಲ್ಲ. ಮದ್ರಾಸಿನಿಂದ ಒಂದು ಉತ್ತರವೂ ಬರಲಿಲ್ಲ. ಉತ್ತರ ಬಾರದಿರುವುದು ನನ್ನ ಬಾಲ್ಯಕ್ಕೆ ಅಂಟಿದ ರೋಗ ಅಂತ ಆಗಲೇ ತಿಳಿಯಬೇಕಿತ್ತು.

ಪಕ್ಕದ ಮನೆಯಲ್ಲಿ ಆರು ಜನ ಓದಿದ ಮೇಲೆ ಚಂದಮಾಮ ನಮಗೆ. ಬಂದ ಕೂಡಲೇ ನೋಡುತ್ತಿದ್ದುದು ಬೇತಾಳ ಕಥೆಯ ಮೊದಲ ಚಿತ್ರ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಕಾಲಡಿ ತಲೆಬುರುಡೆ, ಸುತ್ತ ಕತ್ತಲು. ಬರೆದವರು ಶಂಕರ್ ಅನ್ನುವ ಕಲಾವಿದರು. 2020ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ರಾಜನ ಮುಖ. ಹೆಣ ಹೊತ್ತರೂ ಅವನ ಮುಖದಲ್ಲಿ ಸುಸ್ತಿಲ್ಲ. ನಮ್ಮ ಅಪ್ಪ ಒಂದು ಮೂಟೆ ಅಡಿಕೆ ಹೊತ್ತು ತಂದರೆ ಅರ್ಧ ಗಂಟೆ ಮಾತಾಡುತ್ತಿರಲಿಲ್ಲ.

ಪುಸ್ತಕಕ್ಕೆ ಆಗ ಓದಿಸಿಕೊಳ್ಳುವುದೊಂದೇ ಕೆಲಸವಲ್ಲ. ಅಮ್ಮನ ಚಿಲ್ಲರೆ ನೋಟು ಅದರೊಳಗೆ. ಬಸ್ ಟಿಕೆಟ್ಟು, ಸಂಘದ ರಸೀದಿ, ಒಣಗಿದ ಸಂಪಿಗೆ ಎಲ್ಲ ಅದರೊಳಗೆ. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ನವಿಲುಗರಿ ಇಡುತ್ತಿದ್ದಳು. ಪುಸ್ತಕದ ನಡುವೆ ಇಟ್ಟರೆ ಅದು ಮರಿ ಹಾಕುತ್ತೆ ಅಂತ ನಂಬಿಕೆ. ಮೇವಿಗೆ ಪೆನ್ಸಿಲ್ ಹೆರೆದ ಸಿಪ್ಪೆ. ದಿನಾ ತೆಗೆದು ನೋಡಬಾರದು, ಜಾಗ ಬದಲಿಸಬಾರದು, ಗಂಡಸರು ಮುಟ್ಟಬಾರದು. ಈ ಮೂರನೇ ಕಾನೂನು ಅಕ್ಕ ನನಗಾಗಿ ಹೊಸದಾಗಿ ಮಾಡಿದ್ದು. ಗರಿ ಮರಿ ಹಾಕಲಿಲ್ಲ. ಗಡಿಬಿಡಿ ಮಾಡಿದ್ದಕ್ಕೇ ಹಾಕಲಿಲ್ಲ ಅಂತ ಅವಳ ತೀರ್ಪು. ಅದಕ್ಕೂ ನಾನೇ ಅಪರಾಧಿ.

ಶಾಲೆಯ ಪುಸ್ತಕಗಳ ಮರ್ಯಾದೆಯೇ ಬೇರೆ. ಅವಕ್ಕೆ ಬೈಂಡು ಇರುತ್ತಿತ್ತು. ಅದೂ ಸೋವಿಯತ್ ರಷ್ಯಾದ ಪತ್ರಿಕೆಗಳ ದಪ್ಪ, ನುಣುಪು ಹಾಳೆ. ನನ್ನ ಗಣಿತದ ಪುಸ್ತಕದ ಮೇಲೆ ಗೋಧಿ ಹೊಲದಲ್ಲಿ ಟ್ರಾಕ್ಟರ್ ಓಡಿಸುವ ಹೆಂಗಸು ಐದನೇ ಕ್ಲಾಸು ಪೂರ್ತಿ ನಗುತ್ತಲೇ ಇದ್ದಳು. ಒಳಗೆ ನನ್ನ ಲೆಕ್ಕ ನೋಡಿಯೂ ಹೇಗೆ ನಗುತ್ತಿದ್ದಳೋ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಮ್ಮ ಕಡೆ ಜಾಸ್ತಿ ಬೇಜಾರಾಗಿದ್ದು ಬೈಂಡು ಹಾಕುವ ಅಪ್ಪಂದಿರಿಗೆ.

ಮತ್ತೆ ಬೇತಾಳಕ್ಕೆ ಬರುತ್ತೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದಡಿ ಹಸಿ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿ ಹಾಕಿಕೊಂಡು ಮನೆಯವರು, ನೆರೆಯವರು ಸಾಲಾಗಿ ಕೂರುತ್ತಿದ್ದರು. ಸುಲಿದರೆ ಬೆರಳೆಲ್ಲ ಕಪ್ಪು. ಆ ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿಲ್ಲ. ಕತ್ತಿ ಹಿಡಿಯುವ ವಯಸ್ಸಾಗದ ನನಗೆ ಓದಿ ಹೇಳುವ ಕೆಲಸ. ನಿದ್ದೆ ಬಂದವರನ್ನು ಎಬ್ಬಿಸಲು ಬೇತಾಳದಷ್ಟು ಒಳ್ಳೆಯದು ಇನ್ನೊಂದಿಲ್ಲ. ಪ್ರತಿ ಕಥೆಯ ಕೊನೆಗೂ ಅದು ಪ್ರಶ್ನೆ ಕೇಳುತ್ತೆ. ಗೊತ್ತಿದ್ದೂ ಉತ್ತರ ಹೇಳದಿದ್ದರೆ ರಾಜನ ತಲೆ ಒಡೆದು ಹೋಳಾಗುತ್ತೆ. ಹೇಳಿದರೆ ಮೌನ ಮುರಿದ ಹಾಗೆ, ಬೇತಾಳ ಹಾರಿ ಮತ್ತೆ ಮರ ಸೇರುತ್ತೆ. ಎರಡೂ ಕಡೆಯಿಂದ ರಾಜನಿಗೇ ಗುನ್ನ. ನಮ್ಮಪ್ಪ ಇದನ್ನು ಅಡಿಕೆ ದರಕ್ಕೆ ಹೋಲಿಸುತ್ತಿದ್ದರು. ಇಟ್ಟರೂ ಕಷ್ಟ, ಕೊಟ್ಟರೂ ಕಷ್ಟ.

ಅದರಲ್ಲೊಂದು ಕಥೆ ಹೀಗೆ. ಒಬ್ಬ ವರ್ತಕನ ಮಗಳು. ಮದುವೆಯ ದಿನ, ಗಂಡನ ಮನೆ ತುಂಬುವ ಮೊದಲು, ಒಮ್ಮೆ ನಿನ್ನಲ್ಲಿಗೆ ಬಂದು ಹೋಗುತ್ತೇನೆ ಅಂತ ಅವಳು ಒಬ್ಬನಿಗೆ ಮಾತು ಕೊಟ್ಟುಬಿಟ್ಟಿದ್ದಳು. ಮದುವೆಯಾಯಿತು. ಗಂಡನಿಗೆ ನಿಜ ಹೇಳಿದಳು. ಅವನು ಹೋಗಿ ಬಾ ಅಂದ. ದಾರಿಯಲ್ಲಿ ಕಳ್ಳ ಅಡ್ಡ ಬಂದ. ಮೈ ತುಂಬ ಒಡವೆ. ಅವನಿಗೂ ನಿಜ ಹೇಳಿದಳು, ವಾಪಸ್ಸು ಬರುವಾಗ ಸಿಗುತ್ತೇನೆ ಅಂದಳು. ಅವನೂ ಬಿಟ್ಟ. ಮಾತು ಕೊಟ್ಟವನ ಮನೆಗೆ ಹೋದಳು. ಅವನು, ನೀನೀಗ ಬೇರೆಯವನ ಹೆಂಡತಿ, ಹೊರಟುಹೋಗು ಅಂದ. ಬರುವ ದಾರಿಯಲ್ಲಿ ಕಳ್ಳನೂ ಒಡವೆ ಮುಟ್ಟದೆ ಕಳಿಸಿದ. ಬೇತಾಳದ ಪ್ರಶ್ನೆ: ಈ ಮೂವರಲ್ಲಿ ದೊಡ್ಡವನು ಯಾರು?

ನಾನು ಹಾಳೆ ತಿರುಗಿಸಿದೆ. ಮುಂದಿನ ಪುಟದಲ್ಲಿ ಬೇರೆ ಕಥೆ ನಡೆಯುತ್ತಿತ್ತು. ನಡುವಿನ ಹಾಳೆ ಇಲ್ಲ. ಹೊಲಿಗೆಯ ಹತ್ತಿರ ಒಂದು ಎಳೆ ಕಾಗದ ಮಾತ್ರ, ಹಲ್ಲು ಉದುರಿದ ಜಾಗದ ಹಾಗೆ.

ಆ ರಾತ್ರಿ ಸುಲಿದ ಅಡಿಕೆ ಎಷ್ಟೋ, ಆದ ಜಗಳ ಎಷ್ಟೋ. ಗಂಡನೇ ದೊಡ್ಡವನು ಅಂತ ಅಪ್ಪ. ಪಕ್ಕದ ಮನೆಯ ಮಾವ, ವಾಪಸ್ಸು ಕಳಿಸಿದವನೇ ದೊಡ್ಡವನು, ‘ಕೈಗೆ ಬಂದದ್ದು ಬಿಡೋದು ಸುಮ್ನೆ ಅಲ್ಲ’ ಅಂದರು. ಅವರು ಬೇಲಿ ಜಗಳದಲ್ಲಿ ಒಂದು ಮೊಳ ಜಾಗವೂ ಬಿಟ್ಟವರಲ್ಲ. ಅಜ್ಜಿ ಕಳ್ಳನ ಪಕ್ಷ. ‘ಗಂಡನಿಗೆ ಮರ್ಯಾದೆ ಭಯ. ಆ ಇನ್ನೊಬ್ಬನಿಗೆ ರಾಜನ ಭಯ. ಕಳ್ಳನಿಗೆ ಯಾರ ಭಯ ಇತ್ತು? ಕತ್ತಲಲ್ಲಿ ಯಾರು ನೋಡ್ತಿದ್ರು?’ ಅಮ್ಮ ಕತ್ತಿಯಿಂದ ತಲೆ ಎತ್ತದೆ, ‘ಮೂರು ಕಡೆ ನಿಜ ಹೇಳಿದವಳು ಅವಳು. ಅವಳು ಲೆಕ್ಕಕ್ಕೇ ಇಲ್ವಾ?’ ಅಂದಳು. ಸ್ವಲ್ಪ ಹೊತ್ತು ಅಡಿಕೆ ಬುಟ್ಟಿಗೆ ಬೀಳುವ ಸದ್ದು ಮಾತ್ರ ಕೇಳಿಸಿತು. ಎಲ್ಲದಕ್ಕೂ ಬಾಯಿ ಹಾಕುವ ಅಕ್ಕ ಆವತ್ತು ‘ನಂಗೊತ್ತಿಲ್ಲಪ್ಪ’ ಅಂದು ಒಳಗೆ ಹೋಗಿ ಮಲಗಿದಳು.

ನನಗೆ ಮಾತ್ರ ನಿದ್ದೆ ಇಲ್ಲ. ಉತ್ತರ ಹೇಳದವನ ತಲೆ ಒಡೆಯುತ್ತೆ ಅಲ್ವಾ? ಬೆಳಿಗ್ಗೆ ಅಜ್ಜಿ ಸಮಾಧಾನ ಹೇಳಿದಳು. ‘ಗೊತ್ತಿದ್ದೂ ಹೇಳದವನ ತಲೆ ಒಡೆಯೋದು ಮಾರಾಯ. ನಿಂಗೇನು ಗೊತ್ತು? ನಿನ್ನ ತಲೆ ಗಟ್ಟಿ ಇರುತ್ತೆ.’ ಗಣಿತದ ಪರೀಕ್ಷೆಯಲ್ಲಿ ನನಗೆ ಎಷ್ಟು ಧೈರ್ಯ ಕೊಟ್ಟ ಮಾತು ಅದು! ಮರುವರ್ಷವೂ ಅದೇ ಕಥೆ ಓದಿಸಿದರು. ಅದರ ಮರುವರ್ಷವೂ. ಹಾಳೆ ಪೂರ್ತಿ ಇದ್ದ ಕಥೆಗಳನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ಉತ್ತರ ಹುಡುಕಲು ಪೇಟೆಯ ಗ್ರಂಥಾಲಯಕ್ಕೂ ಹೋಗಿದ್ದೆ. ಅಲ್ಲಿಯ ಪುಸ್ತಕಗಳಲ್ಲಿ ಹಾಳೆ ಇತ್ತು, ಹಾಳೆಯ ಮೇಲೆ ಕಿಡಿಗೇಡಿಗಳ ಬರಹವೂ ಇತ್ತು. ‘ನಾನು ಯಾರೆಂದು ತಿಳಿಯಲು 32ನೇ ಪುಟ ನೋಡಿ.’ 32ರಲ್ಲಿ ‘58 ನೋಡಿ.’ 58ರಲ್ಲಿ ‘11 ನೋಡಿ.’ ಕೊನೆಗೆ ಎಲ್ಲೋ ಒಂದು ಕಡೆ ‘ಕತ್ತೆ, ನಿನಗೆ ಬೇರೆ ಕೆಲಸ ಇಲ್ಲವೇ?’ ಬೇತಾಳ ಸಿಗಲಿಲ್ಲ. ಸಿಕ್ಕಿದ್ದು ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕಗಳು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದವು, ಒಟ್ಟು 510. ಅಂಗಿ ಜೇಬಿಗೆ ಹಿಡಿಸುವಷ್ಟು ಚಿಕ್ಕವು. ಒಬ್ಬೊಬ್ಬ ಮಹನೀಯರಿಗೆ ಒಂದೊಂದು. ನಾನು ದೊಡ್ಡವರ ಸಾಧನೆಗಿಂತ ಅವರು ಚಿಕ್ಕವರಿದ್ದಾಗ ಮಾಡಿದ ತಂಟೆಯ ಪುಟಗಳನ್ನೇ ಹುಡುಕಿ ಓದುತ್ತಿದ್ದೆ. ನನಗೂ ಮುಂದೆ ಅವಕಾಶ ಇದೆ ಅಂತ ಅನ್ನಿಸುತ್ತಿತ್ತು.

ಕಾಲ ಹೋಯಿತು. ಅಜ್ಜಿ ಹೋದಳು. ಮನೆಗೆ ಅಡಿಕೆ ಸುಲಿಯುವ ಯಂತ್ರ ಬಂತು. ಅದರ ಸದ್ದಿನಲ್ಲಿ ಯಾರೂ ಕಥೆ ಓದಲಾರರು. ಬೇತಾಳವನ್ನು ಅಟ್ಟದಲ್ಲೇ ಗೆದ್ದಲು ಮುಗಿಸಿತು.

ಮೊನ್ನೆ ಬೇರೇನೋ ಹುಡುಕುತ್ತಿದ್ದಾಗ ‘ಕಥಾಸರಿತ್ಸಾಗರ’ದ ಅನುವಾದ ಕೈಗೆ ಸಿಕ್ಕಿತು. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದದ್ದು. ಬೇತಾಳ ಅದರೊಳಗೇ ಕೂತಿದೆ. ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ. ನಾವು ಹಟಮಾರಿಗಳನ್ನೆಲ್ಲ ‘ಛಲ ಬಿಡದ ತ್ರಿವಿಕ್ರಮ’ ಅನ್ನುವುದು ಯಾಕೆ, ಬರೀ ವಿಕ್ರಮ ಅಂತ ಯಾಕಲ್ಲ ಅನ್ನುವುದು ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಕೊನೆಯ ಪ್ರಶ್ನೆಗೆ ರಾಜನಿಗೂ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ, ತಲೆಯೂ ಒಡೆಯುವುದಿಲ್ಲ. ಅಜ್ಜಿ ಹೇಳಿದ ಕಾನೂನು ಸರಿಯಾಗಿತ್ತು.

ಕೈ ನಡುಗುತ್ತಲೇ ಆ ವರ್ತಕನ ಮಗಳ ಕಥೆ ತೆಗೆದೆ. ಹಾಳೆ ಇತ್ತು. ರಾಜ ಹೇಳುತ್ತಾನೆ, ಕಳ್ಳನೇ ದೊಡ್ಡವನು. ಕಾರಣವೂ ಹೆಚ್ಚುಕಡಿಮೆ ಅಜ್ಜಿಯದೇ. ಬೇರೊಬ್ಬನಿಗೆ ಮಾತು ಕೊಟ್ಟವಳನ್ನು ಗಂಡ ಇಟ್ಟುಕೊಂಡು ಏನು ಮಾಡಿಯಾನು? ಆ ಇನ್ನೊಬ್ಬನಿಗೆ ರಾಜದಂಡದ ಹೆದರಿಕೆ. ಕಳ್ಳನಿಗೆ ಬಿಡಲು ಯಾವ ಕಾರಣವೂ ಇರಲಿಲ್ಲ. ಅಮ್ಮನ ಪ್ರಶ್ನೆಗೆ ಮಾತ್ರ ಸೋಮದೇವನಲ್ಲೂ ಉತ್ತರವಿಲ್ಲ.

ಕೂಡಲೇ ಅಕ್ಕನಿಗೆ ಫೋನು ಮಾಡಿದೆ. ಅವಳು ಧಾರವಾಡದಲ್ಲಿರುತ್ತಾಳೆ. ಎತ್ತಿದ ತಕ್ಷಣ ಎಂದಿನಂತೆ ಅರೆತಲೆನೋವಿನ ವರದಿ ಶುರುವಾಯಿತು. ಡಾಕ್ಟರು ಹೇಳಿದ್ದು, ಕಾಫಿ ಬಿಟ್ಟದ್ದು, ಮತ್ತೆ ಹಿಡಿದದ್ದು. ನಡುವೆ ಬಾಯಿ ಹಾಕಿ ಹೇಳಿದೆ, ‘ಅಕ್ಕಾ, ಉತ್ತರ ಸಿಕ್ತು. ಕಳ್ಳನೇ ಅಂತೆ!’

ಯಾವ ಕಳ್ಳ ಅಂತ ಅವಳು ಕೇಳಲಿಲ್ಲ.

‘ನಂಗೊತ್ತಿತ್ತು ಕಣೋ,’ ಅಂದಳು. ‘ನವಿಲುಗರಿ ಇಟ್ಟಿದ್ನಲ್ಲ, ಆ ಹಾಳೇಲೇ ಇತ್ತು. ನೀನು ದಿನಾ ಪುಸ್ತಕ ಎಳೀತಿದ್ದೆ. ಗರಿ ಅಲುಗಬಾರದು ಅಂತ ಹಾಳೆ ಸಮೇತ ಕಿತ್ತು ನನ್ನ ಪಾಟೀಚೀಲಕ್ಕೆ ಹಾಕ್ಕೊಂಡಿದ್ದೆ. ಹೇಳಿದ್ರೆ ಅಪ್ಪ ಬಿಡ್ತಿದ್ರಾ?’

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದೆ, ‘ನಲವತ್ತು ವರ್ಷ ಗೊತ್ತಿದ್ದೂ ಹೇಳಲಿಲ್ವಾ ನೀನು?’

ಆ ಕಡೆಯಿಂದ ನಿಟ್ಟುಸಿರು ಬಂತು.

‘ಅದಕ್ಕೇ ಇರ್ಬೇಕು ನೋಡು, ಈ ತಲೆನೋವು.’