ಚಾರ್ಲ್ಸ್ ಲಾಯ್ಡ್ ಕಛೇರಿ: ವಯಸ್ಸಿಗಲ್ಲ, ವಾದನಕ್ಕೆ ಚಪ್ಪಾಳೆ

ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲ್ಸ್ ಲಾಯ್ಡ್ ವೇದಿಕೆಗೆ ಬಂದದ್ದೇ ತಡ, ಇಡೀ ಸಭಾಂಗಣ ಎದ್ದು ನಿಂತಿತು. ಇನ್ನೂ ಒಂದು ಸ್ವರವನ್ನೂ ಊದಿರಲಿಲ್ಲ. ನಾನೂ ಎದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೊಳಗೇ ಸ್ವಲ್ಪ ಇರುಸುಮುರುಸು. 1938ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದವರು ಇನ್ನೂ ಟೆನರ್ ಸ್ಯಾಕ್ಸೊಫೋನ್ ಹಿಡಿದು ನಿಲ್ಲುತ್ತಾರೆ ಅನ್ನುವುದು ದೊಡ್ಡ ಮಾತೇ. ಆದರೆ ಅದಕ್ಕೇ ನೂರಕ್ಕೆ ನೂರು ಕೊಟ್ಟು ಕೂತರೆ, ಆಮೇಲೆ ನುಡಿಸುವುದನ್ನು ಕಿವಿಗೊಟ್ಟು ಕೇಳುವವರು ಯಾರು?

ನನಗೆ ಅವರ ಹುಚ್ಚು ಹಿಡಿಸಿದ್ದು ‘ಫಾರೆಸ್ಟ್ ಫ್ಲವರ್’ ಆಲ್ಬಮ್. 1966ರಲ್ಲಿ ಮಾಂಟೆರೇ ಜಾಜ್ ಉತ್ಸವದಲ್ಲಿ ನೇರವಾಗಿ ರೆಕಾರ್ಡ್ ಆದದ್ದು. ಪಿಯಾನೊದಲ್ಲಿ 21ರ ಹುಡುಗ ಕೀತ್ ಜಾರೆಟ್, ಡ್ರಮ್ಸ್‌ನಲ್ಲಿ ಜ್ಯಾಕ್ ಡಿಜಾನೆಟ್. ಆಗ ಅವರ ಹೆಸರು ಕೇಳಿದವರೇ ಕಡಿಮೆ, ಆಮೇಲೆ ಇಬ್ಬರೂ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದರು. ಹೆಸರು ಏರುತ್ತಿದ್ದಾಗಲೇ ಲಾಯ್ಡ್ ಎಲ್ಲ ಬಿಟ್ಟು ಕ್ಯಾಲಿಫೋರ್ನಿಯಾದ ಬಿಗ್ ಸರ್ ಬೆಟ್ಟಗಳ ಕಡೆ ಹೋಗಿಬಿಟ್ಟರು. ಧ್ಯಾನ, ವೇದಾಂತ ಅಂತ ವರ್ಷಗಳೇ ಕಳೆದವು. 1980ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆ ಹತ್ತಿದ್ದು ಮಿಶೆಲ್ ಪೆಟ್ರುಚಿಯಾನಿ ಎಂಬ ಇನ್ನೊಬ್ಬ ಹುಡುಗ ಪಿಯಾನೊ ವಾದಕನಿಗಾಗಿ. ಲಾಯ್ಡ್‌ಗೆ ಮೊದಲಿನಿಂದಲೂ ಬೇರೆಯವರ ನುಡಿಸಾಣಿಕೆ ಕೇಳುವ ಚಪಲ ಜಾಸ್ತಿ.

ಅದು ಈ ಸಲ ಕಣ್ಣಿಗೇ ಕಂಡಿತು. ಜೇಸನ್ ಮೊರಾನ್ ಪಿಯಾನೊ, ರೂಬೆನ್ ರೋಜರ್ಸ್ ಬಾಸ್, ಎರಿಕ್ ಹಾರ್ಲೆಂಡ್ ಡ್ರಮ್ಸ್. ಲಾಯ್ಡ್ ಕಣ್ಣಿಗೆ ಕಪ್ಪು ಕನ್ನಡಕ, ತಲೆ ಮೇಲೆ ಟೋಪಿ. ಟೆನರ್‌ನಲ್ಲಿ ಒಂದು ಸಾಲು ಎತ್ತಿಕೊಂಡರು. ಮೊದಲು ಬರೀ ಉಸಿರು ಕೇಳಿತು, ಸ್ವರ ಅದರ ಹಿಂದೆ ಮೆಲ್ಲಗೆ ಬಂತು. ಕೆಳಗಿನ ಸ್ವರಗಳಲ್ಲಿ ತುಟಿ ಸಡಿಲ ಬಿಟ್ಟು, ಸ್ವರವನ್ನು ಸ್ವಲ್ಪ ಜಾರಿಸಿ, ಅರ್ಧಕ್ಕೇ ಬಿಟ್ಟುಬಿಟ್ಟರು. ಮೊರಾನ್ ಅದನ್ನು ಅಲ್ಲಿಂದಲೇ ಎತ್ತಿಕೊಂಡು ಮುಗಿಸಿದರು. ಮುಂದಿನ ಸುತ್ತಿನಲ್ಲಿ ಬೇರೆ ಥರ ಮುಗಿಸಿದರು, ಲಾಯ್ಡ್ ತಲೆದೂಗಿದರು. ತಮ್ಮ ಸರದಿ ಮುಗಿದ ಮೇಲೆ ಬದಿಗೆ ಸರಿದು ಮಾರಕಾಸ್ ಎಂಬ ಗಿಲಕಿ ಅಲ್ಲಾಡಿಸುತ್ತಾ ಸಣ್ಣಗೆ ಕುಣಿದರು. ಬಾಸ್ ಸೋಲೊಗೆ ಅವರಷ್ಟು ಖುಷಿಪಟ್ಟವರು ಸಭೆಯಲ್ಲಿ ಇನ್ನೊಬ್ಬರಿರಲಿಲ್ಲ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಾರೆ. ಆಲ್ಟೊ ಕೊಳಲಿನ ಒಂದು ಕೃತಿ ನನಗೆ ಸಿಹಿ ಜಾಸ್ತಿ ಅನ್ನಿಸಿತು, ಉದ್ದವೂ ಆಯಿತು. ಹಾರ್ಲೆಂಡ್ ಕೋಲು ಬಿಟ್ಟು ಬ್ರಶ್ ಹಿಡಿಯುವವರೆಗೆ ಕೊಳಲು ಸರಿಯಾಗಿ ಕೇಳಲೂ ಇಲ್ಲ. ಆದರೆ ತಾರೊಗಾತೊ ಬಂತು ನೋಡಿ! ಇದು ಹಂಗೇರಿಯ ಮರದ ವಾದ್ಯ. ನೋಡಲು ಕ್ಲಾರಿನೆಟ್ ಥರ, ಒಳಗಿನ ಕೊಳವೆ ಸೊಪ್ರಾನೊ ಸ್ಯಾಕ್ಸಿನಂತೆ ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ದನಿಯಲ್ಲಿ ನಮ್ಮ ಶಹನಾಯಿಯ ನೆಂಟಸ್ತಿಕೆ ಇದೆ. ‘ಸಂಗಮ್’ ಆಲ್ಬಮ್ ಕೇಳಿದವರಿಗೆ ಗೊತ್ತಿರುತ್ತದೆ, ಜಾಕಿರ್ ಹುಸೇನ್ ತಬಲಾ ಜೊತೆ ಲಾಯ್ಡ್ ಇದನ್ನು ನುಡಿಸಿದ್ದಾರೆ. ಅಲ್ಲೂ ಡ್ರಮ್ಸ್ ಇದೇ ಹಾರ್ಲೆಂಡ್.

ಜೊತೆಗೆ ಬಂದಿದ್ದ ಗೆಳೆಯ, “ಹಳೇ ವೇಗ ಇಲ್ಲ ಅಲ್ವಾ?” ಅಂದ. ಇಲ್ಲ, ನಿಜ. 1966ರ ಓಟ ಬೇಕಾದವರಿಗೆ ರೆಕಾರ್ಡ್ ಇದೆ. ಈಗ ಅವರು ಬಿಡುವ ಜಾಗದಲ್ಲಿ ಉಳಿದ ಮೂವರು ಏನು ಮಾಡುತ್ತಾರೆ ಅನ್ನುವುದು ಕೂತು ಕೇಳಿದರಷ್ಟೇ ಸಿಗುತ್ತದೆ. ವೇಗದ ಕಾಲದಲ್ಲಿ ಇಷ್ಟು ಜಾಗ ಇರಲಿಲ್ಲ ಅಂತ ನನ್ನ ವಾದ. ಅವನು ಒಪ್ಪಲಿಲ್ಲ.

ಮಾತು ನಮ್ಮ ಕದ್ರಿ ಗೋಪಾಲನಾಥರ ಕಡೆ ತಿರುಗಿತು. 1980ರ ಮುಂಬಯಿ ಜಾಜ್ ಯಾತ್ರಾ ಉತ್ಸವದಲ್ಲಿ ಅವರು ಅಮೆರಿಕದ ಜಾಜ್ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದ್ದರಲ್ಲ. ಗಮಕಕ್ಕೋಸ್ಕರ ತಮ್ಮ ಆಲ್ಟೊ ಸ್ಯಾಕ್ಸನ್ನೇ ಮಾರ್ಪಡಿಸಿಕೊಂಡವರು ಕದ್ರಿ. ಜಾಜಿನಲ್ಲಿ ಕೆಳಗೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ, ಬದಲಾಗುತ್ತಲೇ ಇರುತ್ತದೆ, ಕದ್ರಿಯವರ ರಾಗ ಮಾತ್ರ ಅಲುಗುತ್ತಿರಲಿಲ್ಲ. ಲಾಯ್ಡ್ ಹಾಗಲ್ಲ, ಪಿಯಾನೊ ಎತ್ತ ಎಳೆದರೆ ಅತ್ತ ಹೊರಟುಬಿಡುತ್ತಾರೆ. ನನಗೆ ಎರಡೂ ಬೇಕು. ಗೆಳೆಯನಿಗೆ ಕದ್ರಿಯವರೇ ಸಾಕಂತೆ.